‘ಕನ್ನಡ’ ಎಂದರೆ ಎಷ್ಟು ಬೈಟ್?

ಓದುಗರೊಬ್ಬರು ಕೇಳಿದ್ದಾರೆ: ಒಂದು ಆ್ಯಪಿನಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ತುಂಬಿದರೆ ಅರ್ಜಿ ಸಲೀಸಾಗಿ ಹೋಗುತ್ತದೆ, ಕನ್ನಡದಲ್ಲಿ ತುಂಬಿದರೆ ‘ದೋಷವಿದೆ, ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ. ಕಂಪ್ಯೂಟರಿಗೆ ಇನ್ನೂ ಕನ್ನಡ ಬರುವುದಿಲ್ಲವೇ?

ಚೆನ್ನಾಗಿಯೇ ಬರುತ್ತದೆ. ಇಂಥ ಕಡೆ ಬಹಳ ಸಲ ತಪ್ಪಿರುವುದು ಎಣಿಕೆ.

‘ಕನ್ನಡ’ ಪದದಲ್ಲಿ ಎಷ್ಟು ಅಕ್ಷರ? ನಾವು ಮೂರು ಎನ್ನುತ್ತೇವೆ. ಲಿಪಿಚಿಹ್ನೆಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪ್ರಕಾರ ಐದು ಸಂಕೇತ: ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ. ಇವೇ ಐದು ಯುಟಿಎಫ್-8 ರೂಪದಲ್ಲಿ ಜಾಲದೊಳಗೆ ಹೊರಟಾಗ 15 ಬೈಟ್ ಆಗುತ್ತವೆ, ಒಂದೊಂದಕ್ಕೂ ಮೂರು. ‘ಕ’ ಎಂದರೆ 224, 178, 149. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಹಾಗಾಗಿ ಅಕ್ಷರ ಎಣಿಸಿದರೂ ಬೈಟ್ ಎಣಿಸಿದರೂ ಅಲ್ಲಿ ಒಂದೇ ಉತ್ತರ; ತಪ್ಪು ಎಣಿಕೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಈ ಯುಟಿಎಫ್-8 ಹುಟ್ಟಿದ ಕತೆ ನನಗೆ ಬಲು ಇಷ್ಟ. 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಉಪಾಹಾರ ಗೃಹವೊಂದರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದರ ವಿನ್ಯಾಸ ಬರೆದರು; ಜೊತೆಗಿದ್ದವರು ರಾಬ್ ಪೈಕ್. ಕೆಲವೇ ದಿನಗಳಲ್ಲಿ ಅವರ ‘ಪ್ಲಾನ್ 9’ ಕಾರ್ಯಾಚರಣ ವ್ಯವಸ್ಥೆ ಪೂರ್ತಿ ಇದಕ್ಕೆ ಬದಲಾಯಿತು. ಯುಟಿಎಫ್-8ರ ಸೊಗಸು ಇರುವುದು ಇಲ್ಲಿ: ಮೂರು ಬೈಟಿನ ಅಕ್ಷರದ ಮೊದಲ ಬೈಟ್ 224ರಿಂದ 239ರೊಳಗೆ, ಉಳಿದೆರಡು 128ರಿಂದ 191ರೊಳಗೆ. ಸಂದೇಶವನ್ನು ಎಲ್ಲೇ ಕತ್ತರಿಸಿ ಕೊಟ್ಟರೂ, ಅಕ್ಷರ ಎಲ್ಲಿ ತುಂಡಾಗಿದೆ ಎಂದು ಒಂದೆರಡು ಬೈಟ್ ನೋಡಿದೊಡನೆ ಹೇಳಬಹುದು.

ಕತ್ತರಿಸುವವರು ಯಾರು? ಜಾಲದಲ್ಲಿ ಬೈಟುಗಳನ್ನು ಸಾಗಿಸುವ ಟಿಸಿಪಿಯನ್ನು ನೀರಿನ ಕೊಳವೆ ಎಂದುಕೊಳ್ಳಿ. ಈ ಕಡೆ ಎರಡು ಬಿಂದಿಗೆ ಸುರಿದರೆ ಆ ಕಡೆ ನೀರು ಅಷ್ಟೇ ಬರುತ್ತದೆ, ಆದರೆ ಒಂದು ಬಿಂದಿಗೆ ಮುಗಿದು ಇನ್ನೊಂದು ಶುರುವಾದದ್ದೆಲ್ಲಿ ಎಂಬ ಗುರುತು ಅದರಲ್ಲಿ ಇರುವುದಿಲ್ಲ. ಅದಕ್ಕೇ ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು ಬರೆದು ಕಳಿಸುವ ರೂಢಿ. ದತ್ತಾಂಶ ಬರೆಯುವ ಜೇಸನ್ ಪದ್ಧತಿಯಂತೆ ಉದ್ಧರಣ ಚಿಹ್ನೆಗಳ ನಡುವೆ ‘ಕನ್ನಡ’ ಎಂದು ಬರೆದ ಸಂದೇಶಕ್ಕೆ 17 ಬೈಟ್ ಬೇಕು. ದೋಷವಿರುವ ಪ್ರೋಗ್ರಾಂ ಬೈಟುಗಳ ಬದಲು ಯೂನಿಕೋಡ್ ಸಂಕೇತಗಳನ್ನು ಎಣಿಸಿ ‘7’ ಎಂದು ಬರೆಯುತ್ತದೆ. ಸರ್ವರ್ ಏಳೇ ಬೈಟ್ ಓದುತ್ತದೆ: ಆರಂಭದ ಚಿಹ್ನೆ, ಕ, ನ. ಮುಗಿಸುವ ಚಿಹ್ನೆ ಕಾಣದೆ, ಸಂದೇಶವನ್ನು ಬಿಡಿಸಿ ಓದುವ ಪಾರ್ಸರ್ ‘ಸಂದೇಶ ಅರ್ಧಕ್ಕೇ ನಿಂತಿದೆ’ ಎಂದು ದೂರುತ್ತದೆ.

ಅಲ್ಲಿಗೇ ಮುಗಿದಿದ್ದರೆ ಹುಡುಕುವುದು ಸುಲಭವಿತ್ತು. ಸಂಪರ್ಕ ಮುಚ್ಚದೆ ಮುಂದುವರಿದರೆ, ಓದದೆ ಬಿಟ್ಟ 10 ಬೈಟ್ ಕೊಳವೆಯಲ್ಲೇ ಉಳಿದಿರುತ್ತವೆ. ಸರ್ವರ್ ಅವುಗಳಲ್ಲಿ ಮುಂದಿನ ಸಂದೇಶದ ಉದ್ದವನ್ನು ಹುಡುಕುತ್ತದೆ! ಏನೂ ತಪ್ಪಿರದ ಎರಡನೆಯ ಸಂದೇಶವೂ ಕೆಡುತ್ತದೆ, ಅದರ ಹಿಂದೆ ಮೂರನೆಯದು. ಲಾಗ್ ತೆರೆದ ಎಂಜಿನಿಯರಿಗೆ ಮೊದಲು ಕಾಣುವುದು ಬಹಳ ಸಲ ಕೊನೆಯ ದೂರು. ಆ ಸಂದೇಶದಲ್ಲೇ ದೋಷ ಹುಡುಕುತ್ತ ಕೂತರೆ ದಿನವೆಲ್ಲ ವ್ಯರ್ಥ.

ಪರದೆಯಲ್ಲಿ ಕಾಣುವ ಅಕ್ಷರಗಳನ್ನು ಬಿಟ್ಟು ಬೈಟುಗಳನ್ನೇ ನೋಡಬೇಕು. 1998ರಲ್ಲಿ ಜೆರಾಲ್ಡ್ ಕೋಂಬ್ಸ್ ಬಿಡುಗಡೆ ಮಾಡಿದ, ಈಗ ವೈರ್‌ಶಾರ್ಕ್ ಎಂಬ ಹೆಸರಿನ ಉಚಿತ ತಂತ್ರಾಂಶ ಇದಕ್ಕೆ ಸಾಕು. ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತಿದ್ದರೆ ಪ್ರೋಗ್ರಾಮಿನೊಳಗೇ ಬೈಟುಗಳನ್ನು ಅಚ್ಚು ಹಾಕಿಸಿ. ಸರಣಿಯಲ್ಲಿ ಮೊಟ್ಟಮೊದಲು ಕೆಟ್ಟುಹೋದ ಸಂದೇಶವನ್ನು ಹಿಡಿಯಿರಿ. ಹೇಳಿದ ಉದ್ದ, ಬಂದ ಬೈಟು, ಎರಡನ್ನೂ ಪಕ್ಕಪಕ್ಕ ಇಡಿ. 224ರ ಹಿಂದೆಯೇ 178 ಅಥವಾ 179 ಮತ್ತೆ ಮತ್ತೆ ಬರುತ್ತಿದ್ದರೆ ಅದು ಕನ್ನಡ ಪಠ್ಯ. ಹೇಳಿದ್ದಕ್ಕಿಂತ ಬಂದದ್ದು ಹೆಚ್ಚಿದ್ದು, ಆ ಹೆಚ್ಚಳ ಕನ್ನಡ ಸಂಕೇತಗಳ ಎರಡರಷ್ಟೇ ಇದ್ದರೆ ಕಾರಣ ಸಿಕ್ಕಂತೆಯೇ. ತಿದ್ದುಪಡಿ ಒಂದೇ ಸಾಲಿನದು: ಮೊದಲು ಪಠ್ಯವನ್ನು ಬೈಟುಗಳಿಗೆ ಪರಿವರ್ತಿಸಿ, ಆಮೇಲೆ ಉದ್ದ ಅಳೆಯಿರಿ.

ಈ ಒಂದು ಸಾಲು ಬರೆಯುವ ಬದಲು ‘ದಯವಿಟ್ಟು ಇಂಗ್ಲಿಷಿನಲ್ಲಿ ಮಾತ್ರ ತುಂಬಿ’ ಎಂಬ ಸೂಚನೆ ಅಂಟಿಸುವುದು ಅನ್ಯಾಯ. ತಂತ್ರಾಂಶ ಬರೆಯುವ ಗೆಳೆಯರೇ, ನಿಮ್ಮ ಪರೀಕ್ಷಾ ಪಟ್ಟಿಗೆ ಇಂದೇ ‘ಶ್ರೀರಂಗಪಟ್ಟಣ’ ಎಂಬ ಹೆಸರನ್ನು ಸೇರಿಸಿ. ಕಣ್ಣಿಗೆ 6 ಅಕ್ಷರ, ಯೂನಿಕೋಡಿನಲ್ಲಿ 12, ಜಾಲದಲ್ಲಿ 36 ಬೈಟ್.