ತಿದ್ದಿದರೂ ಉಳಿಯದ ಹೆಸರು

ಶಾಲೆಯೊಂದರ ಜಾಲತಾಣದಲ್ಲಿ ‘ಕಮಲ’ ಎಂದಿರುವ ಹೆಸರನ್ನು ‘ಕಮಲಾಕ್ಷಿ’ ಎಂದು ತಿದ್ದಿ ಗುಂಡಿಯನ್ನೊತ್ತಿದರೆಂದು ಭಾವಿಸೋಣ. ಪುಟವು ಯಾವ ತಕರಾರೂ ಇಲ್ಲದೆ ಮುಂದಕ್ಕೆ ಸಾಗುತ್ತದೆ. ಮರಳಿ ತೆರೆದರೆ ಹಳೆಯ ‘ಕಮಲ’ವೇ!

ಜಾಲತಾಣ ಕಟ್ಟಲು 2004ರಿಂದ ಬಳಕೆಯಲ್ಲಿರುವ ‘ರೂಬಿ ಆನ್ ರೈಲ್ಸ್’ ಚೌಕಟ್ಟಿನಲ್ಲಿ ಇದು ಹಳೆಯ ಗೋಳು. ದಾಖಲೆ ತಿದ್ದುವ ‘ಅಪ್‌ಡೇಟ್’ ಆಜ್ಞೆಯು ನಿಯಮಪರೀಕ್ಷೆಯಲ್ಲಿ ಸೋತಾಗ ಬೊಬ್ಬೆ ಹಾಕುವುದಿಲ್ಲ; ‘ಇಲ್ಲ’ವೆಂಬ ಅರ್ಥದ ಉತ್ತರವನ್ನಷ್ಟೇ ಕೊಡುತ್ತದೆ. ಕ್ರಮವಿಧಿ ಬರೆದವರು ಅದನ್ನು ಗಮನಿಸದಿದ್ದರೆ ತಪ್ಪು ಅಲ್ಲಿಯೇ ಹೂತುಹೋಗುತ್ತದೆ. ಆಜ್ಞೆಯ ತುದಿಗೆ ಆಶ್ಚರ್ಯಸೂಚಕ ಚಿಹ್ನೆಯೊಂದನ್ನು ಸೇರಿಸಿದರೆ ಕೆಲಸ ತಟ್ಟನೆ ನಿಂತು ಕಾರಣ ಹೊರಬೀಳುತ್ತದೆ.

ಅನುಮತಿಯ ಪಟ್ಟಿಯಲ್ಲಿಲ್ಲದ ಅಂಕಣವನ್ನೂ ರೈಲ್ಸ್ ಸದ್ದಿಲ್ಲದೆ ಕೈಬಿಡುತ್ತದೆ. ಈ ಬಿಗಿಗೆ ಕಾರಣವುಂಟು: ಇಂಥ ಕಾವಲು ಸಡಿಲವಿದ್ದುದರಿಂದ 2012ರಲ್ಲಿ ಗಿಟ್‌ಹಬ್ ತಾಣದೊಳಕ್ಕೆ ಒಬ್ಬಾತ ನುಸುಳಿ ತೋರಿಸಿದ್ದನು. ಮರುವರ್ಷದ ನಾಲ್ಕನೆಯ ಆವೃತ್ತಿಯಲ್ಲಿ ಆ ಪಟ್ಟಿ ಕಡ್ಡಾಯವಾಯಿತು.

ಕನ್ನಡದ ಹೆಸರುಗಳಿಗಾದರೋ ತೊಡಕು ಬೇರೆಯೇ. ‘ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲಿ’ ಎಂಬ ನಿಯಮ ಮೇಲ್ನೋಟಕ್ಕೆ ನಿರಪಾಯಕಾರಿ. ಆದರೆ ಯೂನಿಕೋಡ್ ಗಣನೆಯಲ್ಲಿ ಕ, ಮ, ಲ ‘ಅಕ್ಷರ’ಗಳು, ಗುಣಿತದ ಚಿಹ್ನೆಗಳೂ ಒತ್ತು ಮೂಡಿಸುವ ಹಲಂತವೂ ‘ಗುರುತು’ಗಳೆಂಬ ಬೇರೆ ವರ್ಗ. ಆದುದರಿಂದ ‘ಕಮಲ’ ತೇರ್ಗಡೆ, ‘ಕಮಲಾಕ್ಷಿ’ ಅನುತ್ತೀರ್ಣ. ಕಾಗುಣಿತ ಕಲಿತ ಒಂದನೆಯ ತರಗತಿಯ ಮಗುವೂ ಒಪ್ಪದ ಲೆಕ್ಕವಿದು! ನಿಯಮದಲ್ಲಿ ಗುರುತುಗಳ ವರ್ಗವನ್ನೂ ಸೇರಿಸಿದರೆ ಕಮಲಾಕ್ಷಿ ಉಳಿಯುತ್ತಾಳೆ. ‘ರಾಜ್‌ಕುಮಾರ್’ ಮಾತ್ರ ಆಗಲೂ ಹೊರಗೇ ನಿಲ್ಲುತ್ತಾನೆ. ಜಕಾರವು ಕಕಾರದೊಡನೆ ಒತ್ತಾಗದಂತೆ ನಡುವೆ ಕುಳಿತ ಕಾಣದ ಸಂಕೇತವು ಎರಡೂ ವರ್ಗಗಳಿಗೆ ಸೇರಿದ್ದಲ್ಲ. ಅದನ್ನು ಪ್ರತ್ಯೇಕವಾಗಿಯೇ ಬರೆದು ಸೇರಿಸಬೇಕು.