ಜಮೀನಿನ ನೋಟೀಸು ಬಂದರೆ

ಕಂಪನಿಗೆ ಬೇಕೆಂದ ಮಾತ್ರಕ್ಕೆ ಸರಕಾರ ನಮ್ಮ ಹೊಲ, ತೋಟ, ಮನೆ ತೆಗೆದುಕೊಳ್ಳಬಹುದೇ? ಶಿಗ್ಲಿ ಕಡೆಯ ರೈತರಿಗೂ ಮಲೆನಾಡಿನ ಬೆಳೆಗಾರರಿಗೂ ಇರುವ ಚಿಂತೆ ಒಂದೇ. ಆದ್ದರಿಂದ ಕಾಯಿದೆಯ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ಕಲಮಿನಂತೆ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ನೋಟೀಸು ಮುಟ್ಟಿದ 30 ದಿನಗಳೊಳಗೆ ತಕರಾರು ಸಲ್ಲಿಸಬೇಕು. ಅದರ ವಿಚಾರಣೆ ನಡೆಯಬೇಕು. ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾದೊಡನೆ ಜಮೀನು ಸರಕಾರದ್ದಾಗುತ್ತದೆ. ಆಮೇಲೆ ಉಳಿಯುವುದು ಬಹುಮಟ್ಟಿಗೆ ಪರಿಹಾರದ ಮಾತೇ.

ಹೊತ್ತಿಗೆ ಸರಿಯಾಗಿ ಎದ್ದರೆ ಏನಾಗುತ್ತದೆಂಬುದಕ್ಕೆ ಗದಗ ಜಿಲ್ಲೆಯಲ್ಲೇ ಉದಾಹರಣೆಯಿದೆ. ಮುಂಡರಗಿ ತಾಲೂಕಿನ ಹಳ್ಳಿಗುಡಿ ಬಳಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರಕ್ಕೂ ಮಿಕ್ಕಿದ ಎಕರೆ ಗುರುತಿಸಲಾಗಿತ್ತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ರೈತರು ಒಗ್ಗಟ್ಟಾಗಿ ವಿರೋಧಿಸಿದರು. 2011ರ ಜುಲೈನಲ್ಲಿ ಸರಕಾರ ಸ್ವಾಧೀನವನ್ನು ಕೈಬಿಟ್ಟಿತು. 2013ರಲ್ಲಿ ಕಂಪನಿಯೂ ಯೋಜನೆಯಿಂದ ಹಿಂದೆ ಸರಿಯಿತು.

ಪಹಣಿ-ಉತಾರ ತೀರಿಹೋದ ಹಿರಿಯರ ಹೆಸರಿನಲ್ಲೇ ಇದ್ದರೆ ನೋಟೀಸು ನಮ್ಮ ಕೈಗೆ ಬಾರದೆ ಹೋಗಬಹುದು. ಆದುದರಿಂದ ಸದಸ್ಯ ಬಾಂಧವರು ವಾರಸಾ ದಾಖಲೆಯನ್ನು ಈಗಲೇ ಸರಿಪಡಿಸಿಕೊಳ್ಳಬೇಕು. ನೋಟೀಸು ಬಂದರೆ ಪ್ರತಿಯೊಬ್ಬ ಖಾತೆದಾರರೂ ಬೇರೆ ಬೇರೆಯಾಗಿ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾವಿ, ಗಿಡಮರ, ಮನೆ, ದನದ ಕೊಟ್ಟಿಗೆ ಎಲ್ಲವನ್ನೂ ಅದರಲ್ಲಿ ಕಾಣಿಸಬೇಕು. ಅರ್ಜಿ ಒಬ್ಬೊಬ್ಬರದಾಗಿರಲಿ, ವಿಚಾರಣೆಗೆ ಹೋಗುವಾಗ ಇಡೀ ಊರು ಜೊತೆಗಿರಲಿ.