ಅಜ್ಜಿಯ ಚರಿತ್ರೆ

ಚರಿತ್ರೆ ಎಂದೊಡನೆ ಅರಸರು, ಯುದ್ಧಗಳು, ಶಾಸನಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಪ್ರತಿಯೊಂದು ಮನೆಗೂ ಅದರದೇ ಆದ ಚರಿತ್ರೆಯುಂಟು. ಅಲ್ಲಿ ತಂದೆ, ತಾತ, ಮುತ್ತಾತಂದಿರ ಹೆಸರುಗಳು ಸುಲಭವಾಗಿ ದೊರೆಯುತ್ತವೆ. ತಾತನ ತಾಯಿಯ ಹೆಸರೇನು, ಆಕೆಯ ತವರೂರು ಯಾವುದು ಎಂದು ಕೇಳಿದರೆ ಮಾತ್ರ ಅನೇಕ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ಮನೆಯನ್ನು ಬೆಳೆಸಿದ ಹೆಂಗಸು ಎರಡು ಮೂರು ತಲೆಮಾರು ಕಳೆಯುವುದರೊಳಗೆ ಹೆಸರಿಲ್ಲದವಳಾಗಿಬಿಡುತ್ತಾಳೆ.

ಇದಕ್ಕೆ ಕಾರಣಗಳಿವೆ. ಹಳೆಯ ಕಾಲದ ಪಹಣಿ, ಕಂದಾಯದ ರಸೀದಿ, ಸಾಲಪತ್ರಗಳು ಬಹುಮಟ್ಟಿಗೆ ಗಂಡಸರ ಹೆಸರಿನಲ್ಲಿರುತ್ತಿದ್ದವು. ಎತ್ತಿನೊಡನೆ ಊರೂರು ಸುತ್ತಿ ಮನೆತನಗಳ ವಂಶಾವಳಿಯನ್ನು ಹೇಳುವ ಹೆಳವರ ಹೊತ್ತಗೆಗಳಲ್ಲಿಯೂ ವಂಶದ ಎಳೆ ಮುಖ್ಯವಾಗಿ ತಂದೆಯಿಂದ ಮಗನಿಗೆ ಸಾಗುತ್ತದೆ. ಮದುವೆಯಾದೊಡನೆ ಹೆಣ್ಣಿನ ಊರು ಬದಲಾಗುತ್ತದೆ; ಕೆಲವು ಸಮುದಾಯಗಳಲ್ಲಿ ಅವಳ ಹೆಸರೂ ಬದಲಾಗುತ್ತಿತ್ತು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಮಾತ್ರ ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ಪದ್ಧತಿ ಬೆಳೆದು ಬಂದಿತು.

ಹೆಸರಿಲ್ಲದಿರುವುದರಿಂದ ಆಗುವ ನಷ್ಟವೇನೆಂಬುದನ್ನು ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಯೇ ತೋರಿಸಿಕೊಟ್ಟಿತು. 1951-52ರ ಆ ಚುನಾವಣೆಗಾಗಿ ಮತದಾರರ ಪಟ್ಟಿ ತಯಾರಾಗುತ್ತಿದ್ದಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ಪರರೆದುರು ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ಮತದಾರರನ್ನು ಒಪ್ಪಲಾಗದೆ, ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು.

ಹಾಗಾದರೆ ಸಾಮಾನ್ಯ ಹೆಂಗಸೊಬ್ಬಳ ಬದುಕನ್ನು ತಿಳಿಯುವ ಬಗೆ ಹೇಗೆ? ಜನಗಣತಿಯಲ್ಲಿ ಅವಳ ವಿವರವನ್ನು ಬರೆದುಕೊಂಡಿದ್ದರೂ, 1948ರ ಜನಗಣತಿ ಕಾಯಿದೆಯ ಪ್ರಕಾರ ಒಬ್ಬೊಬ್ಬರ ವಿವರ ಗೋಪ್ಯವಾದುದು. ಅದನ್ನು ಯಾರಿಗೂ ತೋರಿಸುವಂತಿಲ್ಲ. ಆದ್ದರಿಂದ ಹುಡುಕಾಟ ಮನೆಯಿಂದಲೇ ಆರಂಭವಾಗಬೇಕು. ಜಾತಕ, ಲಗ್ನಪತ್ರಿಕೆ, ಮದುವೆಯಲ್ಲಿ ಬಂದ ಮುಯ್ಯಿಯನ್ನು ಬರೆದಿಟ್ಟ ಪುಸ್ತಕ, ಪಡಿತರ ಚೀಟಿ, ಹಳೆಯ ಕಾಗದಗಳು, ಭಾವಚಿತ್ರದ ಹಿಂಬದಿಯ ಬರಹ—ಇವೆಲ್ಲವೂ ದಾಖಲೆಗಳೇ. ತವರಿನವರು ಕೊಟ್ಟ ಹಿತ್ತಾಳೆಯ ಕೊಡದ ಮೇಲೆ ಕೆತ್ತಿದ ಹೆಸರೂ ಒಂದು ಪುಟ್ಟ ಶಾಸನವೇ ಸರಿ. ಶ್ರಾದ್ಧ ಮಾಡುವ ಕೆಲವು ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳು ಬಾಯಿಂದ ಬಾಯಿಗೆ ಉಳಿದು ಬಂದಿರುತ್ತವೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಬ್ಬ ಅಜ್ಜಿಯ ಜಾತಕದಲ್ಲಿ ‘ಶ್ರೀಮುಖ ಸಂವತ್ಸರ’ ಎಂದಿದೆ. ಸಂವತ್ಸರಗಳು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತವೆ. ಶ್ರೀಮುಖವು 1873-74ರಲ್ಲಿಯೂ ಬಂದಿತ್ತು, 1933-34ರಲ್ಲಿಯೂ ಬಂದಿತ್ತು. ಅವಳ ಲಗ್ನಪತ್ರಿಕೆ 1947ರದು. ಆದುದರಿಂದ ಹುಟ್ಟಿದ್ದು 1933-34ರಲ್ಲಿ ಎಂದು ನಿರ್ಣಯಿಸಬಹುದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಜನನದ ದಿನ 1934ರ ಜೂನ್ 1 ಎಂದಿದೆ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಅಂದಾಜಿನಿಂದ ಜೂನ್ 1 ಎಂದು ಬರೆಯುವ ರೂಢಿಯಿತ್ತು. ಹಾಗೆಂದು ಜಾತಕವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಮದುವೆಯ ಅನುಕೂಲಕ್ಕಾಗಿ ಅದನ್ನು ತಿದ್ದಿರುವುದೂ ಉಂಟು. ಒಂದು ದಾಖಲೆಯನ್ನು ಇನ್ನೊಂದರೊಡನೆ ಹೋಲಿಸಬೇಕು. ಘಟನೆ ನಡೆದ ಕಾಲಕ್ಕೆ ಹತ್ತಿರವಾದ, ವಿಷಯ ಬಲ್ಲವರು ಬರೆದ ಬರಹಕ್ಕೆ ಹೆಚ್ಚು ಬೆಲೆ ಕೊಡಬೇಕು.

ಹೀಗೆ ಹೋಲಿಸುವಾಗ ದಾಖಲೆಗಳು ಹೇಳದೆ ಬಿಟ್ಟ ಮಾತೂ ಹೊರಬೀಳುತ್ತದೆ. ಶಾಲೆಯ ಪುಸ್ತಕದಂತೆ ಆ ಅಜ್ಜಿ 1945ರಲ್ಲಿ ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದಳು. ಮದುವೆಯಾದಾಗ ಅವಳಿಗೆ ಹದಿಮೂರೋ ಹದಿನಾಲ್ಕೋ ವರ್ಷ. ಪಡಿತರ ಚೀಟಿಯಲ್ಲಿರುವ ವಯಸ್ಸನ್ನು ಲೆಕ್ಕ ಹಾಕಿದರೆ ಹಿರಿಯ ಮಗ ಹುಟ್ಟಿದ್ದು 1951ರಲ್ಲಿ. ಆದರೆ ಗಾಂಧೀಜಿ ತೀರಿಕೊಂಡ ವರ್ಷ ಅವಳ ಚೊಚ್ಚಲ ಹೆರಿಗೆಯಾಯಿತೆಂದು ಅವಳ ತಂಗಿ ನೆನೆಯುತ್ತಾಳೆ. ಅದು 1948. ಹಾಗಾದರೆ ಆ ಮಗುವೆಲ್ಲಿ? ಅದರ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಹದಿನೈದರ ಹರೆಯದಲ್ಲಿ ಆ ತಾಯಿ ಅನುಭವಿಸಿದ ದುಃಖವು ಎರಡು ಇಸವಿಗಳ ನಡುವೆ ಅಡಗಿ ಕುಳಿತಿತ್ತು. ಅದನ್ನು ಅರಿತ ಮೇಲೆ, ‘ಅಜ್ಜಿ ಬಹಳ ಮಿತಭಾಷಿಣಿ’ ಎಂಬ ಮನೆಮಂದಿಯ ಮಾತಿಗೆ ಬೇರೆಯೇ ಅರ್ಥ ಬರುತ್ತದೆ.

ಇಂಥ ಶೋಧನೆ ಕೇವಲ ಕುತೂಹಲದ ವಿಷಯವಲ್ಲ. 2005ರ ತಿದ್ದುಪಡಿಯ ಅನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗಿರುವಷ್ಟೇ ಹಕ್ಕು ಮಗಳಿಗೂ ಇದೆ. ಆಸ್ತಿಯ ವ್ಯವಹಾರಕ್ಕೆ ಮನೆಯವರು ಕೊಡುವ ವಂಶವೃಕ್ಷದಲ್ಲಿ ಅವಳ ಹೆಸರನ್ನೇ ಬಿಟ್ಟರೆ ಆ ಹಕ್ಕನ್ನು ಪಡೆಯಲು ಅವಳು ಹೆಣಗಬೇಕಾಗುತ್ತದೆ. ಹೆಸರು ಅಳಿಸಿದಲ್ಲಿ ಹಕ್ಕೂ ಮಸುಕಾಗುತ್ತದೆ.

ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ಒಂದು ನೋಟ್‌ಪುಸ್ತಕ, ತಾಳ್ಮೆ ಮತ್ತು ಹಿರಿಯರ ಮಾತನ್ನು ಆಲಿಸುವ ಮನಸ್ಸು ಇದ್ದರೆ ಸಾಕು. ಯಾವ ಸಂಗತಿಯನ್ನು ಯಾರು ಹೇಳಿದರು, ಯಾವ ಕಾಗದದಲ್ಲಿ ಕಂಡಿತು ಎಂಬುದನ್ನು ಜೊತೆಯಲ್ಲಿಯೇ ಬರೆದಿಡಬೇಕು. ಹೇಳಲು ಇಷ್ಟಪಡದ ನೋವನ್ನು ಕೆದಕಬಾರದು. ಕಾಗದಗಳು ಪೆಟ್ಟಿಗೆಯಲ್ಲಿ ಇನ್ನಷ್ಟು ಕಾಲ ಉಳಿದಾವು. ಅವುಗಳ ಅರ್ಥವನ್ನು ಬಲ್ಲ ಹಿರಿಯರು ಬಹುಕಾಲ ಉಳಿಯಲಾರರು. ಆದ್ದರಿಂದ ವಂಶವೃಕ್ಷವನ್ನು ಬರೆಯಲು ಕುಳಿತ ವಿದ್ಯಾರ್ಥಿಯು ಮೊದಲು ತಾಯಿಯ ಹೆಸರನ್ನು, ಅನಂತರ ಅವಳ ತಾಯಿಯ ಹೆಸರನ್ನು, ಅವಳ ತವರೂರನ್ನು ಕೇಳಿ ಬರೆದುಕೊಳ್ಳಲಿ.